ಸೀಲ್ ಒಡೆಯದ ಆಟೊ

ಯಾರಾದರೂ ಉರಿಯುವ ಕರ್ಪೂರದ ತಟ್ಟೆಯನ್ನು ನೆಲದ ಮೇಲಿಡಲು ಬಗ್ಗಿದರೆ ನನ್ನ ಕಾಲು ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ದೇವಸ್ಥಾನದಲ್ಲಿ, ಗೃಹಪ್ರವೇಶದಲ್ಲಿ, ಹೊಸ ಸ್ಕೂಟರ್ ಕೊಂಡ ಸಹೋದ್ಯೋಗಿಯ ಮನೆಯಂಗಳದಲ್ಲಿ, ಎಲ್ಲ ಕಡೆಯೂ. ನೋಡಿದವರು ಇವಳಿಗೆ ಭಕ್ತಿ ಕಡಿಮೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಇಷ್ಟು ವರ್ಷಗಳಾದರೂ ನನಗೆ ಅಮ್ಮನ ಕೈ ಕೆಳಗಿಳಿಯುವುದು ಕಾಣುತ್ತದೆ. ತಟ್ಟೆ ಇನ್ನೂ ನೆಲ ಮುಟ್ಟಿಲ್ಲ. ಆಟೊದ ಮುಂದಿನ ಚಕ್ರದ ಪಕ್ಕ ಆತ ಕುಕ್ಕರಗಾಲಲ್ಲಿ ಕೂತಿದ್ದಾನೆ, ಕೈಯಲ್ಲಿ ನಿಂಬೆಹಣ್ಣು. ಅಲ್ಲಿಗೆ ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆತ ನಮ್ಮ ಬಾಡಿಗೆದಾರ. ನಮ್ಮ ಮನೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ಹಿಂದುಗಡೆ ಎರಡು ಕೋಣೆಯ ಸಣ್ಣ ಮನೆ, ಅದಕ್ಕೆ ತಾಗಿಕೊಂಡು ತಗಡಿನ ಶೆಡ್ಡು. ಅಪ್ಪ ಇದ್ದಾಗ ಶೆಡ್ಡಿನಲ್ಲಿ ಸೌದೆ ತುಂಬಿರುತ್ತಿತ್ತು. ಅಪ್ಪ ಹೋದರು, ಗ್ಯಾಸ್ ಒಲೆ ಬಂತು, ಶೆಡ್ಡು ಖಾಲಿಯಾಯಿತು. ಗಂಡ ಹೆಂಡತಿ ಇಬ್ಬರೇ ಭದ್ರಾವತಿಯಿಂದ ಮನೆ ಹುಡುಕಿಕೊಂಡು ಬಂದಾಗ ಆತ ಕೋಣೆಗಳನ್ನು ಸರಿಯಾಗಿ ನೋಡಲೇ ಇಲ್ಲ. ಶೆಡ್ಡಿನ ಅಗಲವನ್ನು ಕಣ್ಣಲ್ಲೇ ಅಳೆದು, "ಇಲ್ಲಿ ಒಂದು ಆಟೊ ನಿಲ್ಲುತ್ತೆ" ಅಂದ. ಆಗ ಆತನ ಹತ್ತಿರ ಆಟೊ ಇರಲಿಲ್ಲ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದವನನ್ನು ಒಂದು ದಿನ ಗೇಟಿನಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ದರು. ಆಮೇಲೆ ಬಾಡಿಗೆ ಆಟೊ ಓಡಿಸಿಕೊಂಡಿದ್ದ. ಸ್ವಂತ ಆಟೊ, ತನ್ನ ಹೆಸರಿನ ಪರ್ಮಿಟ್ಟು, ಇನ್ನು ಯಾರೂ ಗೇಟಿನಲ್ಲಿ ನಿಲ್ಲಿಸದ ಹಾಗೆ ಒಂದು ದುಡಿಮೆ. ಆತನಿಗೆ ಬೇಕಿದ್ದದ್ದು ಅಷ್ಟೇ.

ನನ್ನದು ಎದುರು ದಿಕ್ಕಿನ ಪ್ರಯಾಣ. ದಿನಾ ಬೆಳಿಗ್ಗೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಅಲ್ಲಿನ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ಸಂಜೆ ಬರುತ್ತಿದ್ದೆ.

"ನಾನು ಬಿಟ್ಟು ಬಂದ ಊರಿಗೆ ನೀವು ದಿನಾ ಹೋಗ್ತೀರಿ, ಟೀಚರಮ್ಮ" ಎಂದು ಆತ ರೇಗಿಸುತ್ತಿದ್ದ. "ನನ್ನ ಕೆಲಸ ಅಲ್ಲೆಲ್ಲಾದ್ರೂ ಬಿದ್ದಿದ್ರೆ ಎತ್ಕೊಂಡು ಬನ್ನಿ."

"ನಿನ್ನ ಕೆಲಸ ಅವಳ ಬ್ಯಾಗಲ್ಲಿ ಹಿಡಿಯೋದಿಲ್ಲ ಮಾರಾಯ" ಎಂದು ಅಮ್ಮ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ಅಮ್ಮನಿಗೂ ಆತನಿಗೂ ಬೇಗ ಹೊಂದಿಕೆಯಾಗಿತ್ತು.

ಆ ಹೊತ್ತಿಗೆ ಸರ್ಕಾರಕ್ಕೆ ಹೊಗೆಯ ಚಿಂತೆ ಹತ್ತಿತ್ತು. ಭೂಮಿ ಬಿಸಿಯಾಗುತ್ತಿದೆ, ವಾಹನಗಳ ಹೊಗೆ ಅದಕ್ಕೆ ಕಾರಣ, ಆಟೊಗಳು ಪೆಟ್ರೋಲು ಬಿಟ್ಟು ಗ್ಯಾಸಿಗೆ ಬದಲಾಗಬೇಕು ಎಂದು ಪೇಪರಿನಲ್ಲಿ, ರೇಡಿಯೊದಲ್ಲಿ ಬರುತ್ತಿತ್ತು. ಭೂಮಿ ಬಿಸಿಯಾಗುತ್ತಿರುವುದು ಸುಳ್ಳಲ್ಲ. ನನ್ನ ತಕರಾರು ಅದರ ಮೇಲೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮೂರಿನಲ್ಲಿ ಆ ಮಾತು ಕೊನೆಗೆ ಒಂದು ನಿಯಮವಾಗಿ ಇಳಿಯಿತು: ಇನ್ನು ಮುಂದೆ ಹೊಸ ಪರ್ಮಿಟ್ಟು ಗ್ಯಾಸಿನ ಆಟೊಗಳಿಗೆ ಮಾತ್ರ. ಪರ್ಮಿಟ್ಟಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದವರಿಗೆ ಇದು ವರವೇ. ಆತ ಸಾಲ ಮಾಡಿ ಆಟೊ ತಂದ, ಗ್ಯಾಸಿನ ಟ್ಯಾಂಕು ಕೂರಿಸಿಕೊಂಡ. ಕೂರಿಸಿದವರು ಪೆಟ್ರೋಲ್ ಪೈಪಿನ ಬಾಯಿಗೆ ತಂತಿ ಸುತ್ತಿ ಸೀಸದ ಸೀಲ್ ಒತ್ತಿದರು. ಚೆಕಿಂಗಿನಲ್ಲಿ ಮೊದಲು ನೋಡುವುದೇ ಅದನ್ನು. ಸೀಲ್ ಒಡೆದಿದ್ದರೆ ಕದ್ದು ಪೆಟ್ರೋಲಿನಲ್ಲಿ ಓಡಿಸುತ್ತಿದ್ದಾನೆ ಎಂದೇ ಲೆಕ್ಕ, ಪರ್ಮಿಟ್ಟು ರದ್ದು. ಆಟೊ ತೊಳೆಯುವಾಗ ಆತ ಆ ಜಾಗಕ್ಕೆ ಬಂದಾಗ ಬಟ್ಟೆ ಬಿಟ್ಟು ಬೆರಳಿನಿಂದ ಒರೆಸುತ್ತಿದ್ದ. ಎಳೆಮಗುವಿನ ನೆತ್ತಿ ಮುಟ್ಟುವ ಹಾಗೆ.

ಆ ವರ್ಷ ಶಿವಮೊಗ್ಗದಲ್ಲಿ ಒಂದು ಮೆರವಣಿಗೆ ಮಾಡಿದರು. ಸುತ್ತಲಿನ ಶಾಲೆಗಳಿಗೆಲ್ಲ ಸುತ್ತೋಲೆ ಬಂತು, ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಭದ್ರಾವತಿಯಿಂದ ಮಕ್ಕಳನ್ನು ತರಲು ಕೊಟ್ಟ ಬಸ್ಸು ದಾರಿಯುದ್ದಕ್ಕೂ ಕರೀ ಹೊಗೆ ಕಕ್ಕಿತು. ಹಿಂದಿನ ಸೀಟಿನ ಹುಡುಗಿಯರು 'ಹೊಗೆ ಬಿಡಬೇಡಿ, ಭೂಮಿ ಸುಡಬೇಡಿ' ಎಂದು ಬರೆದ ರಟ್ಟಿನಿಂದಲೇ ಮೂಗಿಗೆ ಗಾಳಿ ಬೀಸಿಕೊಂಡರು. ಮೆರವಣಿಗೆಯ ಮುಂದೆ ರಿಬ್ಬನ್ ಕಟ್ಟಿದ ಗ್ಯಾಸಿನ ಆಟೊಗಳು. ಎಲ್ಲಕ್ಕಿಂತ ಮುಂದೆ ನಮ್ಮ ಶೆಡ್ಡಿನ ಆಟೊ. ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ ಆತ ನನ್ನನ್ನು ನೋಡಿ ಹಾರ್ನ್ ಬಾರಿಸಿದ. ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಮರೆಯಬೇಕೆಂದರೂ ಆಗುವುದಿಲ್ಲ.

ಭಾಷಣವೆಲ್ಲ ಮುಗಿದ ಮೇಲೆ, ಸೀಲ್ ವಿಷಯ ವಿವರಿಸಿದ ಆರ್‌ಟಿಒ ಆಫೀಸಿನ ಸಾಹೇಬರ ಹತ್ತಿರ ಹೋಗಿ ಆತ ಕೇಳಿದ. ನಾನು ಮಕ್ಕಳಿಗೆ ಬಿಸ್ಕತ್ತು ಹಂಚುತ್ತಾ ಪಕ್ಕದಲ್ಲೇ ಇದ್ದೆ.

"ಸಾರ್, ಟ್ಯಾಂಕು ಕೂರಿಸಿದಾಗ ತುಂಬಿದ ಗ್ಯಾಸು ಮುಗೀತಾ ಬಂತು. ಇನ್ನು ಎಲ್ಲಿ ಹಾಕಿಸ್ಬೇಕು?"

"ಬಂಕ್ ಬರುತ್ತಪ್ಪ. ಜಾಗ ನೋಡ್ತಾ ಇದಾರೆ."

"ಅಲ್ಲೀತನಕ?"

"ಅಲ್ಲೀತನಕ ಹೇಗೋ ಅಡ್ಜಸ್ಟ್ ಮಾಡ್ಕೊಳ್ರಪ್ಪ. ಎಲ್ಲಾ ನಾವೇ ಹೇಳಿಕೊಡ್ಬೇಕಾ?"

ಸುತ್ತಲಿದ್ದವರು ನಕ್ಕರು. ಆತನೂ ನಕ್ಕ.

ನಮ್ಮೂರಿನಲ್ಲಾಗಲೀ ಭದ್ರಾವತಿಯಲ್ಲಾಗಲೀ ಆಗ ಆಟೊಗೆ ಗ್ಯಾಸ್ ತುಂಬುವ ಬಂಕ್ ಇರಲಿಲ್ಲ. ದೂರದ ಊರಿನಲ್ಲಿ ಒಂದಿದೆ ಎನ್ನುತ್ತಿದ್ದರು. ಅಲ್ಲಿ ತುಂಬಿಸಿಕೊಂಡು ಇಲ್ಲಿಗೆ ಬರುವಷ್ಟರಲ್ಲಿ ಟ್ಯಾಂಕು ಖಾಲಿ. ಪೆಟ್ರೋಲ್ ಹಾಕೋಣವೆಂದರೆ ಸೀಲ್. ಹೀಗೆ ಸರ್ಕಾರದ ಪ್ರಕಾರ ನಮ್ಮೂರಿನ ಗಾಳಿ ಶುದ್ಧವಾಗಲು ಉಳಿದಿದ್ದ ದಾರಿ ಒಂದೇ, ಅಡುಗೆಮನೆಯ ಸಿಲಿಂಡರ್. ಆಟೊ ಸ್ಟ್ಯಾಂಡಿನ ಎಲ್ಲರೂ ಅದರಿಂದಲೇ ಟ್ಯಾಂಕು ತುಂಬಿಕೊಂಡರು. ಅದು ಅಪರಾಧ ಎಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಮಾಡುತ್ತಿದ್ದಾರೆ ಎಂದು ಆಫೀಸಿಗೂ ಗೊತ್ತಿತ್ತು. ಒಮ್ಮೆ ಅದೇ ಸಾಹೇಬರು ವಿದ್ಯಾನಗರಕ್ಕೆ ಆತನ ಆಟೊದಲ್ಲೇ ಹೋದರಂತೆ. ಸಂಜೆ ಆತ ಅಮ್ಮನ ಮುಂದೆ ಅವರ ದನಿಯಲ್ಲೇ ಹೇಳಿ ತೋರಿಸಿದ: "'ಏನಯ್ಯಾ, ನಿನ್ನ ಆಟೋಲಿ ಅಡುಗೆಮನೆ ವಾಸನೆ ಬರುತ್ತಲ್ಲ?' ಅಂದ್ರು. 'ಅಡ್ಜಸ್ಟ್ ಮಾಡ್ಕೊಂಡಿದೀನಿ ಸಾರ್' ಅಂದೆ. ನಕ್ಕು ಇಳಿದು ಹೋದ್ರು ಅಮ್ಮಾವ್ರೆ."

ಆತನ ಹೆಂಡತಿ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. "ನಮ್ಮನೇಲಿ ಮೊದಲ ಊಟ ಆಟೊಗೆ. ಅದು ಉಂಡು ಮಿಕ್ಕಿದ್ರೆ ನಮಗೆ ಒಲೆ" ಎಂದು ತಮಾಷೆ ಮಾಡುತ್ತಿದ್ದಳು. ತಿಂಗಳ ಕೊನೆಗೆ ಸಿಲಿಂಡರ್ ಮುಗಿದರೆ ನಮ್ಮ ಅಡುಗೆಮನೆಗೆ ಬಂದು ಅನ್ನ ಮಾಡಿಕೊಂಡು ಹೋಗುವಳು.

ಅವರು ಎಚ್ಚರವಿಲ್ಲದ ಜನವಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಹೇಳಿದ್ದು ತದ್ವಿರುದ್ಧ. ಗ್ಯಾಸ್ ತುಂಬುವ ದಿನ ಶೆಡ್ಡಿನ ಎರಡೂ ಬಾಗಿಲು ಹಾರು ಹೊಡೆದಿರುತ್ತಿದ್ದವು. ಅವಳು ನಮ್ಮ ಹಿತ್ತಿಲ ಬಾಗಿಲಿಗೆ ಬಂದು, "ಅಕ್ಕ, ಒಲೆ ಆರಿಸಿ, ಆಟೊ ಊಟಕ್ಕೆ ಕೂತಿದೆ" ಎಂದು ಕೂಗುವಳು. ಅಮ್ಮ ತುಳಸಿಕಟ್ಟೆಯ ದೀಪವನ್ನು ಒಳಗೆ ತಂದಿಡುವಳು. ಆತ ಟ್ಯಾಂಕನ್ನು ಪೂರ್ತಿ ತುಂಬುತ್ತಿರಲಿಲ್ಲ. ಬಿಸಿಲಿಗೆ ಗ್ಯಾಸ್ ಉಬ್ಬುತ್ತದೆ, ಒಳಗೆ ಜಾಗ ಬೇಕು ಎನ್ನುತ್ತಿದ್ದ. ತುಂಬಿದ ಮೇಲೆ ಆಟೊವನ್ನು ಅಂಗಳಕ್ಕೆ ತಳ್ಳಿ, ಬಹಳ ಹೊತ್ತು ಗಾಳಿಗೆ ನಿಲ್ಲಿಸಿ, ಆಮೇಲೆ ಕಿಕ್ ಹೊಡೆಯುತ್ತಿದ್ದ.

ಈ ಎಲ್ಲ ಎಚ್ಚರಗಳೂ ಒಂದೊಂದಾಗಿ ಕಳಚಿ ಬಿದ್ದದ್ದು ಆಯುಧಪೂಜೆಯ ದಿನ. ಒಂದೂ ಉದಾಸೀನದಿಂದ ಅಲ್ಲ, ಎಲ್ಲವೂ ಭಕ್ತಿಯಿಂದ.

ಹಿಂದಿನ ಸಂಜೆ ಅಮ್ಮ ಆತನಿಗೆ ಹೇಳಿದ್ದಳು, "ಸ್ವಂತ ಗಾಡಿಗೆ ಮೊದಲನೇ ಪೂಜೆ. ಅದನ್ನ ಖಾಲಿ ಹೊಟ್ಟೇಲಿ ಕೂರಿಸಬೇಡ." ಬೆಳಿಗ್ಗೆ ತಂಪಿನಲ್ಲಿ ಆತ ಟ್ಯಾಂಕನ್ನು ತುಂಬ ತುಂಬಿದ.

"ಇವತ್ತು ಕುತ್ತಿಗೆ ತನಕ ಅಮ್ಮಾವ್ರೆ. ಹಬ್ಬದೂಟ."

ಆಟೊ ತೊಳೆದಾಯಿತು. ಎರಡೂ ಕಡೆ ಬಾಳೆಕಂದು, ಮುಂದೆ ಚೆಂಡುಹೂವಿನ ಮಾಲೆ, ಗಾಜಿನ ಮೇಲೆ ಗಂಧದ ಬೊಟ್ಟು. ಆತನ ಹೆಂಡತಿ ಶೆಡ್ಡಿನ ನೆಲವನ್ನು ಸಾರಿಸಿ ಆಟೊದ ಮುಂದೆ ದೊಡ್ಡ ರಂಗೋಲಿ ಬಿಟ್ಟಳು. ರಂಗೋಲಿ ತುಳಿಯಬಾರದೆಂದು ಆಟೊ ಶೆಡ್ಡಿನಲ್ಲೇ ನಿಂತಿತು. ಪೂಜೆ ಬೇಗ ಮುಗಿದಿದ್ದರೂ ಆಗುತ್ತಿತ್ತು. ರಾಹುಕಾಲ ಕಳೆಯಲಿ ಎಂದು ಅಮ್ಮ ಕಾಯಿಸಿದಳು. ನಾವು ಕಡಲೆಪುರಿ ತಿನ್ನುತ್ತಾ ಜಗಲಿಯಲ್ಲಿ ಕೂತೆವು. ಬಿಸಿಲು ಏರಿತು. ತಗಡಿನ ಮಾಡು ಕಾಯಿತು. ಒಳಗೆ ಕುತ್ತಿಗೆಯವರೆಗೆ ತುಂಬಿದ ಟ್ಯಾಂಕು.

ರಾಹುಕಾಲ ಕಳೆದ ಮೇಲೆ ಅಮ್ಮ ಬಾಗಿಲಲ್ಲಿ ನಿಂತು ಕರ್ಪೂರ ಹಚ್ಚಿದಳು. ಗಾಳಿಗೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಆತನ ಹೆಂಡತಿಯ ಮುಖ ಸಣ್ಣದಾಯಿತು.

"ಏನಮ್ಮಾ, ಹೀಗೆ ಆರ್ತಿದೆ. ಏನಾದ್ರೂ ಕೆಟ್ಟದ್ದಾ?"

"ಕೆಟ್ಟದ್ದೂ ಇಲ್ಲ, ಗಿಟ್ಟದ್ದೂ ಇಲ್ಲ. ಗಾಳಿ ಮಾರಾಯ್ತಿ. ಬಾಗಿಲು ಎಳೀರಿ, ಒಳಗೇ ಮಾಡೋಣ."

ಆತ ಒಂದು ಬಾಗಿಲನ್ನು ಪೂರ್ತಿ, ಇನ್ನೊಂದನ್ನು ಅರ್ಧ ಎಳೆದ. ನಾನು ಆ ಅರ್ಧ ಬಾಗಿಲಿನಲ್ಲಿ ತೆಂಗಿನಕಾಯಿಯ ಬುಟ್ಟಿ ಹಿಡಿದು ನಿಂತಿದ್ದೆ. ಒಳಗೆ ಊದುಬತ್ತಿಯ ಗಮ, ಸಾಂಬ್ರಾಣಿ, ಹೂವು. ಅಡುಗೆ ಅನಿಲದ ವಾಸನೆಯೂ ಇತ್ತೆಂದು ಈಗ ಹೇಳಬಲ್ಲೆ. ಆದರೆ ಅದು ಆ ಶೆಡ್ಡಿನ ಕಾಯಂ ವಾಸನೆ, ನಮ್ಮ ಮೂಗುಗಳು ಅದನ್ನು ಲೆಕ್ಕದಿಂದ ಬಿಟ್ಟು ಎಷ್ಟೋ ಕಾಲವಾಗಿತ್ತು. ಸುಸ್ಸೆಂದು ಸಣ್ಣದೊಂದು ಸದ್ದು ಇತ್ತು. ಅದನ್ನು ನಾನು ಆಗಲೇ ಕೇಳಿಸಿಕೊಂಡೆನೋ, ಆಮೇಲಿನ ರಾತ್ರಿಗಳಲ್ಲಿ ನಾನೇ ಸೇರಿಸಿಕೊಂಡೆನೋ ಗೊತ್ತಿಲ್ಲ. ಪಕ್ಕದ ಬೀದಿಯ ಗ್ಯಾರೇಜಿನಲ್ಲಿ ಮೈಕು ಹಾಕಿದ್ದರು.

ಅಮ್ಮ ಆರತಿ ಎತ್ತಿದಳು. ಗಾಜಿನ ಮುಂದೆ ತಟ್ಟೆ ಸುತ್ತು ಬಂತು, ಏನೂ ಆಗಲಿಲ್ಲ. ಟ್ಯಾಂಕಿನಿಂದ ಸೋರಿದ ಗ್ಯಾಸ್ ಗಾಳಿಗಿಂತ ಭಾರ. ಅದು ಮೇಲೇಳದೆ ನೆಲ ಹಿಡಿದು ರಂಗೋಲಿಯ ಮೇಲೆ ಮಲಗಿತ್ತು. ಆತ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಕೂತ. ಆರತಿ ಆದ ಮೇಲೆ ತಟ್ಟೆಯನ್ನು ಗಾಡಿಯ ಮುಂದೆ ನೆಲಕ್ಕಿಡುವುದು ನಮ್ಮಲ್ಲಿ ಪದ್ಧತಿ. ಅಮ್ಮ ಬಗ್ಗಿದಳು.

ಬೆಂಕಿ ಎಲ್ಲಿಂದಲೋ ಬರಲಿಲ್ಲ. ನೆಲವೇ ಎದ್ದಿತು. ಧಪ್ ಎಂದು ಒಂದು ಸದ್ದು, ಯಾರೋ ದೊಡ್ಡ ಚಾದರ ಕೊಡವಿದ ಹಾಗೆ. ನೀಲಿಯಾದದ್ದೊಂದು ರಂಗೋಲಿಯ ಮೇಲೆ ಹರಿದು ಗೋಡೆಯವರೆಗೆ ಹೋಗಿ ವಾಪಸ್ ಬಂತು. ನನ್ನ ಕೈಯಿಂದ ಬುಟ್ಟಿ ಬಿದ್ದಿತ್ತು, ನಾನು ಅಮ್ಮನ ರಟ್ಟೆ ಹಿಡಿದು ಎಳೆಯುತ್ತಿದ್ದೆ. ಅವಳ ಸೀರೆಯ ಅಂಚು ಹತ್ತಿಕೊಂಡಿತ್ತು. ಆಟೊ ತೊಳೆದ ಬಕೆಟ್ಟಿನ ಕೊಳೆನೀರು ಅಂಗಳದಲ್ಲೇ ಇತ್ತು, ಅದನ್ನು ಸುರಿದೆ. ಆತನ ಹೆಂಡತಿ ಕೂಗುತ್ತಾ ಹೊರಗೆ ಓಡಿ ಬಂದಳು. ಆತ ಹಿಂದಿನಿಂದ ಬಂದು ಅಂಗಳದ ಮಣ್ಣಿನಲ್ಲಿ ಹೊರಳಿದ, ಪ್ಯಾಂಟಿನ ಕಾಲು ಆರಿಸಿಕೊಂಡ.

ಎಲ್ಲರೂ ಹೊರಗಿದ್ದೆವು. ಇದನ್ನು ಬರೆಯುವಾಗಲೂ ಕೈ ಇಲ್ಲಿ ನಿಲ್ಲುತ್ತದೆ. ಅಮ್ಮನ ಕೈಗೆ ಬೊಬ್ಬೆ, ಆತನ ಕಾಲಿಗೆ ಸ್ವಲ್ಪ ಸುಟ್ಟ ಗಾಯ, ಅಷ್ಟೇ. ಅಷ್ಟಕ್ಕೇ ಮುಗಿದು ಹೋಗಬಹುದಿತ್ತು.

ಆತ ಎದ್ದು ಶೆಡ್ಡಿನ ಕಡೆ ನೋಡಿದ. ಬಾಳೆಕಂದುಗಳು ಉರಿಯುತ್ತಿದ್ದವು, ಆಟೊದ ಹಿಂದಿನಿಂದ ಬೆಂಕಿಯ ಕೊಳವೆಯೊಂದು ಗೋಡೆಗೆ ಚಿಮ್ಮುತ್ತಿತ್ತು.

"ಬೇಡ" ಎಂದು ಹೆಂಡತಿ ಶರ್ಟು ಹಿಡಿದಳು. ಶರ್ಟು ಹರಿದು ಅವಳ ಕೈಯಲ್ಲಿ ಉಳಿಯಿತು. "ಬೇಡ ರೀ, ಗಾಡಿ ಹೋದ್ರೆ ಹೋಗ್ಲಿ."

"ಸೀಲ್ ಹೋದ್ರೆ ಪರ್ಮಿಟ್ಟು ಹೋಗುತ್ತೆ ಕಣೇ" ಎಂದ. ಕೂಗಿ ಹೇಳಲಿಲ್ಲ, ಮರೆತ ಛತ್ರಿ ತರಲು ಹೋಗುವವನ ಹಾಗೆ ಹೇಳಿ ಒಳಗೆ ಹೋದ.

ಕಾದ ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಆಟೊವನ್ನು ಎಳೆದುಕೊಂಡೇ ಹೊರಗೆ ಬಂದ. ಹ್ಯಾಂಡಲಿನ ರಬ್ಬರು ಕರಗಿ ಅಂಗೈಗೆ ಹಿಡಿದುಕೊಂಡಿತ್ತು. ಬಿಡಬೇಕೆಂದರೂ ಬಿಡಲು ಬರಲಿಲ್ಲ. ಬೀದಿಯವರು ಬಂದು ಬಿಡಿಸಿದರು. ಆಟೊ ನಮ್ಮ ಅಂಗಳದ ನಡುವೆ ನಿಂತು ಉರಿಯಿತು. ಶೆಡ್ಡಿನ ಮೂಲೆಯಲ್ಲಿದ್ದ ಅಡುಗೆ ಸಿಲಿಂಡರು ಸಿಡಿಯಲಿಲ್ಲ, ಮನೆ ಉಳಿಯಿತು. ಅಗ್ನಿಶಾಮಕದ ಗಾಡಿ ಬರುವುದು ತಡವಾಯಿತು. ಬೀದಿ ಬೀದಿಯಲ್ಲೂ ಹಾರ ಹಾಕಿದ ಲಾರಿ, ಟ್ರ್ಯಾಕ್ಟರುಗಳು ಪೂಜೆಗೆ ಅಡ್ಡ ನಿಂತಿದ್ದವು.

ಆಸ್ಪತ್ರೆಯಲ್ಲಿ ಆತನ ಎರಡೂ ಕೈಗಳಿಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ನಾನು ಹೋದಾಗ ಮೊದಲು ಕೇಳಿದ್ದು, "ಟೀಚರಮ್ಮ, ಸೀಲ್ ನೋಡಿದ್ರಾ? ಒಡೆದಿಲ್ಲ ತಾನೆ?"

"ಒಡೆದಿಲ್ಲ" ಎಂದೆ. ನಿಜವಾಗಿಯೂ ಒಡೆದಿರಲಿಲ್ಲ. ಆತ ಎಳೆದು ತಂದದ್ದರಿಂದ ಡ್ರೈವರ್ ಸೀಟಿನ ಕೆಳಗಿನ ಭಾಗ ಅಷ್ಟು ಸುಟ್ಟಿರಲಿಲ್ಲ. ಪೆಟ್ರೋಲ್ ಪೈಪಿನ ಬಾಯಲ್ಲಿ ತಂತಿ, ತಂತಿಯ ತುದಿಯಲ್ಲಿ ಸೀಸದ ಸೀಲ್, ಮಸಿ ಹಿಡಿದು ಕೂತಿತ್ತು.

"ಹಾಗಾದ್ರೆ ಏನೂ ಮಾಡಕ್ಕಾಗಲ್ಲ ಅವರು" ಎಂದು ಕಣ್ಣು ಮುಚ್ಚಿದ.

ಹಬ್ಬದ ರಜೆ ಮುಗಿದ ಮೇಲೆ ಸಾಹೇಬರು ಬಂದರು. ಮೆರವಣಿಗೆಯ ದಿನ ಬಂದಿದ್ದವರೇ. ಬಗ್ಗಿ ಸೀಲ್ ನೋಡಿದರು, ಬೆರಳಿನಿಂದ ಮಸಿ ಒರೆಸಿ ನೋಡಿದರು.

"ಸೀಲೇನೋ ಸರಿಯಾಗಿದೆ" ಎಂದರು. ಆಮೇಲೆ ಶೆಡ್ಡಿನ ಮೂಲೆಯ ಸಿಲಿಂಡರ್ ತೋರಿಸಿ, "ಆದ್ರೆ ಇದು ಮನೆ ಗ್ಯಾಸು. ಇದನ್ನ ಗಾಡಿಗೆ ಹಾಕೋದು ಅಪರಾಧ. ಪರ್ಮಿಟ್ ಕ್ಯಾನ್ಸಲ್ ಆಗುತ್ತೆ."

ನಾನು ಮಾತಾಡಿದೆ. "ನೀವೇ ಅಡ್ಜಸ್ಟ್ ಮಾಡ್ಕೊಳ್ಳಿ ಅಂದಿದ್ರಿ. ನಾನು ಅಲ್ಲೇ ಇದ್ದೆ. ಆಟೋಲಿ ಕೂತು ವಾಸನೇನೂ ನೋಡಿದ್ರಿ."

ಅವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. "ಮೇಡಂ, ನೀವು ಎಜುಕೇಟೆಡ್. ಮಕ್ಕಳಿಗೆ ಪಾಠ ಮಾಡೋರು. ಅಡ್ಜಸ್ಟ್ ಅಂದ್ರೆ ಇದಾ? ಪೂಜೆ ಹೆಸರಲ್ಲಿ ಗ್ಯಾಸ್ ಮುಂದೆ ಬೆಂಕಿ ಇಡೋ ಜನಕ್ಕೆ ಸರ್ಕಾರ ಏನು ಮಾಡಕ್ಕಾಗುತ್ತೆ ಹೇಳಿ."

ಅಮ್ಮ ಕಿಟಕಿಯ ಒಳಗೆ ನಿಂತು ಇದನ್ನು ಕೇಳಿಸಿಕೊಂಡಳು. ಆ ಮನುಷ್ಯನ ಮೇಲೆ ನನಗಿರುವ ಕಹಿಯಲ್ಲಿ ದೊಡ್ಡ ಪಾಲು ಇದಕ್ಕೆ ಸೇರಿದ್ದು. ಪರ್ಮಿಟ್ಟು ಕಿತ್ತುಕೊಂಡದ್ದಕ್ಕಿಂತ ಹೆಚ್ಚಾಗಿ, ಇಡೀ ತಪ್ಪನ್ನು ಒಂದು ಮುದುಕಿಯ ಕೈಯಲ್ಲಿದ್ದ ತಟ್ಟೆಯೊಳಗೆ ಹಾಕಿ ಹೋದದ್ದಕ್ಕೆ. ಅವಳು ಸಾಯುವವರೆಗೂ ಮತ್ತೆ ಆರತಿ ಎತ್ತಲಿಲ್ಲ. "ನನ್ನ ಕೈಯಿಂದಾಯ್ತು" ಎನ್ನುತ್ತಿದ್ದಳು. ನಾನು ಬಂಕಿನ ಮಾತು ಎತ್ತಿದರೆ, "ಬಂಕ್ ಇರಲಿಲ್ಲ ಸರಿ, ನನ್ನ ಕಣ್ಣೂ ಇರಲಿಲ್ವಾ?" ಎನ್ನುವಳು.

ಬಾಡಿಗೆದಾರರ ಗ್ಯಾಸ್ ಸಂಪರ್ಕವನ್ನೂ ಕಿತ್ತುಹಾಕಿದರು. ಆತನ ಹೆಂಡತಿ ಸಾ ಮಿಲ್ಲಿನಿಂದ ಮರದ ಹೊಟ್ಟು ತಂದು, ಅದೇ ಶೆಡ್ಡಿನಲ್ಲಿ ಹೊಟ್ಟಿನ ಒಲೆ ಹಚ್ಚಿದಳು. ಬೆಳಿಗ್ಗೆ ಸಂಜೆ ತಗಡಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಹೊಗೆ ಕಡಿಮೆ ಮಾಡುವ ಯೋಜನೆಯಿಂದ ನಮ್ಮ ಹಿತ್ತಿಲಿಗೆ ದಕ್ಕಿದ್ದು ಅದು. ನಮ್ಮ ಒಲೆಯಲ್ಲೇ ಮಾಡಿಕೋ ಎಂದರೆ ಅವಳು ಬರುತ್ತಿರಲಿಲ್ಲ. ಗ್ಯಾಸಿನ ಒಲೆ ಹಚ್ಚಿದ್ದು ಕಂಡರೆ ಹಿತ್ತಿಲ ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದಳು. ಗ್ಯಾಸಿನ ಬಂಕು ಕೊನೆಗೂ ಬಂತು, ಅವರು ಊರು ಬಿಟ್ಟು ವರ್ಷಗಳಾದ ಮೇಲೆ. ಉದ್ಘಾಟನೆಯ ಚಿತ್ರ ಪೇಪರಿನಲ್ಲಿತ್ತು. ನಾನು ಆ ಹಾಳೆಯನ್ನು ಡಬ್ಬಿಯ ತಳಕ್ಕೆ ಹಾಸಿದೆ.

ಅವರು ಭದ್ರಾವತಿಗೆ ವಾಪಸ್ ಹೋಗುವ ಮುಂಚೆ ಆಟೊವನ್ನು ಗುಜರಿಗೆ ಕೊಟ್ಟರು. ಆತನ ಕೈಗಳ ಬಟ್ಟೆ ಬಿಚ್ಚಿದ್ದರು. ಅಂಗೈಯ ಚರ್ಮ ಬಿಗಿದು, ಬೆರಳುಗಳು ಒಳಕ್ಕೆ ಅರ್ಧ ಮಡಚಿಕೊಂಡು ನಿಂತಿದ್ದವು. ಲೋಟ ಎತ್ತಬಹುದಿತ್ತು. ಹ್ಯಾಂಡಲ್ ತಿರುವಲು ಆಗುತ್ತಿರಲಿಲ್ಲ. ಆಸ್ಪತ್ರೆಯವರು ಸರಿಹೋಗುತ್ತದೆ ಎಂದೂ ಹೇಳಲಿಲ್ಲ, ಹೋಗುವುದಿಲ್ಲ ಎಂದೂ ಹೇಳಲಿಲ್ಲ.

ಗುಜರಿಯವನು ಮಾತುಗಾರ. ಆಟೊ ಸುತ್ತ ಒಂದು ಸುತ್ತು ಹಾಕಿ, "ಕ್ಯಾ ಭಾಯ್, ಚೆನ್ನಾಗಿ ಫ್ರೈ ಮಾಡಿದೀರಲ್ಲ" ಎಂದ. ಯಾರೂ ನಗಲಿಲ್ಲ. ಅವನಿಗೂ ಗೊತ್ತಾಗಿ ಸುಮ್ಮನೆ ಕೆಲಸಕ್ಕಿಳಿದ. ಟ್ಯಾಂಕು ಬಿಚ್ಚಿದ, ಚಕ್ರ ಬಿಚ್ಚಿದ. ಪೆಟ್ರೋಲ್ ಪೈಪಿಗೆ ಬಂದು, ತಂತಿ ಅಡ್ಡ ಬಂತೆಂದು ಇಕ್ಕಳ ಎತ್ತಿದ.

"ಏಯ್, ನಿಧಾನ" ಎಂದ ಆತ, ಜಗಲಿಯಿಂದ ಎದ್ದು ಆ ಮಡಚಿದ ಕೈ ಚಾಚಿಕೊಂಡು. "ಸೀಲ್ ಇದೆ ಅಲ್ಲಿ."

ಗುಜರಿಯವನು ಇಕ್ಕಳ ಹಿಡಿದುಕೊಂಡೇ ಆತನನ್ನು ನೋಡಿದ, ನನ್ನನ್ನು ನೋಡಿದ. ಆತನಿಗೂ ತಾನು ಹೇಳಿದ್ದು ಕೇಳಿಸಿತು. ಕೈ ಕೆಳಗೆ ಬಿಟ್ಟು, ತಿರುಗಿ ಜಗಲಿಯ ಮೇಲೆ ಕೂತುಕೊಂಡ.

"ಕಟ್ ಮಾಡ್ಲಾ?" ಎಂದು ಗುಜರಿಯವನು ನನ್ನನ್ನು ಕೇಳಿದ.

ನಾನು ಹೂಂ ಎಂದು ತಲೆಯಾಡಿಸಿದೆ.